ಬದನೆಯ ಏರುಮಡಿಯ ಕೆಳಗೆ ಯಾರೂ ಇಲ್ಲವೆಂದು ದೃಢೀಕರಿಸಿ ಕೊಡುವ ಬಗ್ಗೆ

ಇಂದ:
ರಾವಸಾಹೇಬ ಅಪ್ಪಾಸಾಹೇಬ ಚೌಗಲಾ,
ಕಬ್ಬು ಮತ್ತು (ತಮ್ಮ ಕೃಪೆ ಇದ್ದರೆ) ಬದನೆ ಬೆಳೆಗಾರ,
ಬಸ್ ಸ್ಟಾಪಿನ ಎದುರಿನ ಮನೆ, ತಾ. ರಾಯಬಾಗ.

ಗೆ:
ಮಾನ್ಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು,
ನಮ್ಮೂರ ಗ್ರಾಮ ಪಂಚಾಯತಿ.
(ಊರ ಹೆಸರು ತಮ್ಮ ಬೋರ್ಡಿನಿಂದ ಅಳಿಸಿ ಎರಡು ಮಳೆಗಾಲವಾಯಿತು. ತಾವು ಮತ್ತೆ ಬರೆಸಿದ ದಿನ ನಾನೂ ಬರೆಯುತ್ತೇನೆ.)

ವಿಷಯ: ನನ್ನ ಮನೆಯ ಮುಂದಿನ ಎರಡು ಏರುಮಡಿಗಳಲ್ಲಿ ಒಂದರಲ್ಲಿ ಬದನೆ, ಇನ್ನೊಂದರಲ್ಲಿ ಮೆಂತ್ಯ ಇದ್ದು, ಯಾವುದರಲ್ಲಿಯೂ ಹೆಣ ಇಲ್ಲದಿರುವ ಬಗ್ಗೆ, ಹಾಗೂ ಅವುಗಳ ಮೇಲೆ ತಗಡಿನ ಮಂಟಪ ಹಾಕದಿರುವ ಬಗ್ಗೆ.

ಉಲ್ಲೇಖ:
೧. ‘ಅನಧಿಕೃತ ಸಮಾಧಿ’ ಕುರಿತು ತಮ್ಮ ಕಚೇರಿಯ ನೋಟೀಸು. ಸಂಖ್ಯೆಯ ಜಾಗ ಖಾಲಿ ಇದೆ, ಸಿಕ್ಕಾ ಮಾತ್ರ ಎರಡು ಸಲ ಬಿದ್ದಿದೆ.
೨. ಮಂಟಪಕ್ಕೆ ಅನುದಾನ ಕೋರಿ ಚಹಾ ಹೋಟೆಲಿನ ದುಂಡೇಶ ಕೊಟ್ಟ ಅರ್ಜಿ.
೩. ‘ಇವತ್ತ ಹೋಗಿ ಬರ್ರಿ’ ಎಂಬ ನನ್ನ ಹೆಂಡತಿಯ ಮೌಖಿಕ ಆದೇಶ.

ಮಾನ್ಯರೇ,

ಉಲ್ಲೇಖ ಒಂದರಲ್ಲಿ ತಾವು ‘ಸಮಾಧಿ ನಿರ್ಮಾಣಕ್ಕೆ ತಗುಲಿದ ವೆಚ್ಚ’ ಕೇಳಿದ್ದೀರಿ. ಕೇಳಿದ್ದನ್ನು ಮೊದಲು ಕೊಡುತ್ತೇನೆ. ಇಟ್ಟಿಗೆ, ಕೆಡವಿದ ದನದ ಕೊಟ್ಟಿಗೆಯವು: ಖರ್ಚಿಲ್ಲ. ಸಿಮೆಂಟು ಎರಡು ಚೀಲ: ಎಂಟುನೂರು. ಗೌಂಡಿಯ ಎರಡು ದಿನದ ಪಗಾರ: ಹದಿನೆಂಟುನೂರು. ಸುಣ್ಣ: ದೀಪಾವಳಿಯದು ಉಳಿದಿತ್ತು. ಮಡಿಯ ತಳಕ್ಕೆ ಹಾಸಿದ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ: ಸ್ವಂತದ್ದು. ಗೊಬ್ಬರ: ಎಮ್ಮೆಯ ಸ್ವಂತದ್ದು. ಮಣ್ಣಿನ ಕೊಡ ಎರಡು: ಇನ್ನೂರಾ ನಲವತ್ತು. ಬದನೆ ಸಸಿ: ಮೂವತ್ತು. ಮೆಂತ್ಯದ ಬೀಜ: ಅಡುಗೆಮನೆಯ ಡಬ್ಬಿಯಿಂದ. ಒಟ್ಟು ಎರಡು ಸಾವಿರದ ಎಂಟುನೂರಾ ಎಪ್ಪತ್ತು ರೂಪಾಯಿ. ಹೆಣ ಸಿಕ್ಕಿಲ್ಲವಾದ ಕಾರಣ ಆ ಬಾಬ್ತು ಏನೂ ಖರ್ಚು ಬಿದ್ದಿಲ್ಲ.

ಇನ್ನು ವಿವರಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ. ನಂಬರು ಹಾಕಿದರೆ ಮಾತ್ರ ತಮ್ಮ ಕಚೇರಿಯಲ್ಲಿ ಓದುತ್ತಾರೆಂದು ಕೇಳಿದ್ದರಿಂದ ನಂಬರು ಹಾಕಿದ್ದೇನೆ.

೧. ನಮ್ಮ ಕಡೆ ಕಬ್ಬು ಹೊಸ್ತಿಲ ತನಕ ಬಂದಿರುವುದು ತಮಗೆ ಗೊತ್ತೇ ಇದೆ. ಅಂಗಳದಲ್ಲಿ ಎರಡು ಮಾರು ಜಾಗ ಕಂಡರೆ ಅದಕ್ಕೂ ಕಬ್ಬು ಹಚ್ಚಿ, ಸಂತೆಗೆ ಹೋಗಿ ಕೊತ್ತಂಬರಿ ಕೊಂಡು ತರುವ ಶ್ರೀಮಂತರು ನಾವು. ನನ್ನ ಹೆಂಡತಿ ಶಿವಗಂಗವ್ವ ಒಬ್ಬಳು ಮಾತ್ರ ಇದನ್ನು ಒಪ್ಪದೆ ಬದುವಿನ ಮೇಲೆ, ಕಾಲುವೆಯ ದಂಡೆಗೆ, ಎಲ್ಲಿ ಕಬ್ಬು ಮರೆತು ಬಿಟ್ಟಿದೆಯೋ ಅಲ್ಲಿ ಬದನೆ, ಮೆಂತ್ಯ, ಚವಳಿಕಾಯಿ ಹಾಕುತ್ತ ಬಂದಳು. ಅದೆಲ್ಲ ನೆಲಕ್ಕೆ ಕೂತು ಮಾಡುವ ಕೆಲಸ. ಹೋದ ವರ್ಷ ಮೊಣಕಾಲು ಎರಡೂ ಕೈಕೊಟ್ಟವು. ಚಿಕ್ಕೋಡಿಯ ಡಾಕ್ಟರು ಫೋಟೋ ತೆಗೆಸಿ, ಇನ್ನು ಮೇಲೆ ನೆಲಕ್ಕೆ ಕೂರಬಾರದು, ಬಗ್ಗಬಾರದು ಎಂದರು. ಅಂದಿನಿಂದ ಅವಳು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತಳು. ಸಂತೆಯಿಂದ ನಾನು ತಂದ ಬದನೆಯನ್ನು ಒಂದೊಂದಾಗಿ ಎತ್ತಿ ಹಿಡಿದು, ಏನೂ ಅನ್ನದೆ ಕೆಳಗಿಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಒಂದು ದಿನ ಹೇಳಿದಳು: “ನನಗ ಬಗ್ಗಾಕ ಆಗವಲ್ದು. ಮಣ್ಣಿಗೆ ಮ್ಯಾಲ ಬರಾಕ ಹೇಳ್ರಿ.”

ಮದುವೆಯಾದಾಗಿನಿಂದ ಅವಳು ನನ್ನಲ್ಲಿ ಕೇಳಿದ ವಸ್ತುಗಳು ಕಡಿಮೆ. ಆದ್ದರಿಂದ ಮಣ್ಣಿಗೆ ಹೇಳಿದೆ.

೨. ಸದರಿ ಏರುಮಡಿಗಳ ಆಕಾರದ ಬಗ್ಗೆ ತಮಗೆ ಅನುಮಾನ ಬಂದಿರುವುದರಿಂದ ಪ್ರತಿಯೊಂದಕ್ಕೂ ಕಾರಣ ಕೊಡುತ್ತೇನೆ. ಎತ್ತರ ಮೂರು ಫೂಟು, ಕಾರಣ ನಿಂತವರ ಕೈಗೆ ಮಣ್ಣು ಸಿಗಬೇಕು. ನಾಲ್ಕು ಫೂಟಿನ ಚೌಕ, ಕಾರಣ ಯಾವ ಕಡೆಯಿಂದ ಕೈ ಚಾಚಿದರೂ ನಟ್ಟನಡುವಿನ ಗಿಡ ಎಟುಕಬೇಕು. ಸುತ್ತ ಒಂದು ಮೆಟ್ಟಿಲು, ಕಾರಣ ನಿಂತು ಸಾಕಾದರೆ ಒಂದು ಕಾಲು ಇಡಲು ಬೇಕು. ಸುಣ್ಣ, ಕಾರಣ ಬೇಸಿಗೆಯಲ್ಲಿ ಇಟ್ಟಿಗೆ ಕಾದು ಬೇರು ಬೇಯಬಾರದು. ಅಂಚಿಗೆ ಚೆಂಡು ಹೂವು, ಕಾರಣ ಅದಿದ್ದರೆ ಬದನೆಯ ಬೇರಿಗೆ ಹುಳದ ಕಾಟ ಕಡಿಮೆ. ನಡುವೆ ಒಂದು ಮಣ್ಣಿನ ಕೊಡವನ್ನು ಕುತ್ತಿಗೆಯ ತನಕ ಹೂತಿದ್ದೇನೆ; ಅದಕ್ಕೆ ನೀರು ತುಂಬಿದರೆ ಮೆಲ್ಲಗೆ ಜಿನುಗಿ ಎರಡು ದಿನ ಬೇರಿಗೆ ಸಾಲುತ್ತದೆ. ಕೊಡದ ಬಾಯಿಗೆ ಇಲಿ ಬೀಳಬಾರದೆಂದು ಕೃಷ್ಣಾ ನದಿಯ ಒಂದು ಗುಂಡು ಕಲ್ಲು ಮುಚ್ಚಿದ್ದೇನೆ. ಕಲ್ಲು ಕಪ್ಪಗಿದೆ. ಅದು ನದಿಯ ನಿರ್ಧಾರ.

೩. ಈಗ ತಪ್ಪು ಎಲ್ಲಾಯಿತೆಂದರೆ, ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಅದೂ ಸ್ವಂತ ಜಮೀನಿನ ಮೂಲೆಯಲ್ಲಿ. ಮೇಲೆ ಚೌಕನೆಯ ಗದ್ದುಗೆ ಕಟ್ಟಿ, ಸುಣ್ಣ ಹಚ್ಚಿ, ನಡುವೆ ಲಿಂಗ ಇಟ್ಟು, ಹೂವು ಏರಿಸಿ ನೀರು ಹಾಕುತ್ತಾರೆ. ಮೇಲಿನ ಕಾರಣಗಳನ್ನು ಒಂದೊಂದಾಗಿ ಕೂಡಿಸುವಾಗ ನನಗೆ ಇದು ಹೊಳೆಯಲಿಲ್ಲ. ಗೌಂಡಿ ಹೇಳಬಹುದಿತ್ತು. ಆದರೆ ಸುತ್ತಲಿನ ಹತ್ತು ಊರಿನ ಗದ್ದುಗೆಗಳನ್ನು ಕಟ್ಟಿದ್ದು ಅವನೇ. ಅವನ ಕೈ ರೂಢಿಯಂತೆ ಹೋಯಿತು. ನಾಲ್ಕೂ ಮೂಲೆಗೆ ಸಣ್ಣ ಕಳಸ ಕೂಡ ಇಟ್ಟ. ಅದನ್ನು ನಾನು ಕೇಳಿರಲಿಲ್ಲ. ಪುಕ್ಕಟೆ ಬಂತೆಂದು ಸುಮ್ಮನಾದೆ.

೪. ಸಸಿ ಹಚ್ಚಿ ತಿಂಗಳಾಗಿರಬೇಕು. ನನ್ನ ಹೆಂಡತಿಯ ತಮ್ಮ ಬಾಳು ಏಕಸಂಬಿಯವನು. ಅವನ ಮಗ ಅಮೋಲ ಒಂದು ಮುಂಜಾನೆ ಬಸ್ಸಿನಲ್ಲಿ ನಮ್ಮೂರ ಮೇಲೆ ಹೋಗುತ್ತಿದ್ದ. ಆಗ ನಾನು ಸುಣ್ಣದ ಚೌಕದ ಮುಂದೆ ತಲೆ ತಗ್ಗಿಸಿ ನಿಂತು, ಕೊಡಕ್ಕೆ ನೀರು ಹಾಕುತ್ತಿದ್ದೆ. ತಲೆ ತಗ್ಗಿಸದೆ ಸಣ್ಣ ಬಾಯಿಯ ಕೊಡಕ್ಕೆ ನೀರು ಹಾಕುವ ವಿಧಾನ ನನಗೆ ತಿಳಿದಿಲ್ಲ. ಅಮೋಲ ಕಿಟಕಿಯಿಂದ ಫೋಟೋ ತೆಗೆದು ಬೀಗರ ವಾಟ್ಸಪ್ ಗುಂಪಿಗೆ ಹಾಕಿದ: “ಮಾಮಾ ಒಬ್ಬರ ನಿಂತಾರ. ಅತ್ತಿ ಕಾಣವಲ್ರು.” ಬಾಳು ಫೋನು ಮಾಡಿದ. ನನ್ನ ಫೋನು ಒಳಗೆ ಚಾರ್ಜಿಗೆ ಇತ್ತು. ಹೆಂಡತಿಯ ಫೋನು ಹೊರಗಿನ ಕಟ್ಟೆಯ ಮೇಲಿತ್ತು, ಅವಳು ಒಲೆಯ ಮುಂದಿದ್ದಳು, ಫೋನಿಗೂ ಅವಳಿಗೂ ನಡುವೆ ಆ ಮೊಣಕಾಲುಗಳಿದ್ದವು. ಕಾರಣ ಯಾರೂ ಎತ್ತಲಿಲ್ಲ. ಏಕಸಂಬಿಯವರಿಗೆ ಅಷ್ಟೇ ಸಾಕಾಯಿತು.

ಮಧ್ಯಾಹ್ನದೊಳಗೆ ಎರಡು ಜೀಪು ಬಂದವು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ರೊಟ್ಟಿ, ಝುಣಕ, ಅನ್ನ, ಸಾರು ಎಲ್ಲ ಕಟ್ಟಿಕೊಂಡೇ ಬಂದಿದ್ದರು. ಬಾಳುವಿನ ಹೆಂಡತಿ ಅಕ್ಕುತಾಯಿ ಜೀಪು ನಿಲ್ಲುವ ಮೊದಲೇ ಇಳಿದು, ಬದನೆಯ ಮಡಿಯನ್ನು ತಬ್ಬಿಕೊಂಡು ಹಾಡಿ ಅಳತೊಡಗಿದಳು. ನಾನು “ಏ ಅಕ್ಕುತಾಯಿ, ಏ ತಾಯಿ” ಅಂದೆ. ದುಃಖದಲ್ಲಿ ನನಗೂ ಮಾತು ಹೊರಡುತ್ತಿಲ್ಲವೆಂದು ಬಾಳು ನನ್ನನ್ನು ಗಟ್ಟಿಯಾಗಿ ಅಪ್ಪಿ ಹಿಡಿದ. ಅವನು ತಾಲೀಮು ಮಾಡಿದ ಆಳು, ಬಿಡಿಸಿಕೊಳ್ಳಲು ಆಗಲಿಲ್ಲ.

ಅಕ್ಕುತಾಯಿ ಅಳುತ್ತಿದ್ದಳು:

“ಎಲ್ಲಾರಿಗೂ ಬಿಸಿ ರೊಟ್ಟಿ ಬಡಿಸಿ ನೀ ತಂಗಳ ತಿಂದಿ ನನ್ನವ್ವಾ... ಒಂದಿನ ಬಿಸಿಬಿಸಿ ಉಣ್ಣಲಿಲ್ಲ ನನ್ನವ್ವಾ... ನನ್ನ ಮಗಳ ಲಗ್ನದಾಗ ಒಂದ ಜೋಡ ಬೆಳ್ಳಿ ಕಾಲ್ಚೈನ ಕೊಟ್ಟಿ ನನ್ನವ್ವಾ...”

“ಎರಡ ಜೋಡ ಬೇ, ಅಕ್ಕುತಾಯಿ!” ಎಂದು ಅಡುಗೆಮನೆಯ ಬಾಗಿಲಿನಿಂದ ದನಿ ಬಂತು. “ಒಂದ ಜೋಡ ನಿನ್ನ ಮಗಳಿಗೆ, ಒಂದ ನಿನಗ! ಅಳೂದಾದ್ರ ಲೆಕ್ಕ ಇಟ್ಟ ಅಳ!”

ಶಿವಗಂಗವ್ವ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅಕ್ಕುತಾಯಿ ಅವಳನ್ನು ನೋಡಿದಳು, ಮಡಿಯನ್ನು ನೋಡಿದಳು, ಮತ್ತೆ ಅವಳನ್ನು ನೋಡಿ, ಮೊದಲಿಗಿಂತ ಜೋರಾಗಿ ಅತ್ತಳು. ಆಮೇಲೆ ಎಲ್ಲರೂ ಕೂತು ಅವರೇ ತಂದ ಊಟ ಮಾಡಿದೆವು. ಝುಣಕ ಚೆನ್ನಾಗಿತ್ತು.

೫. ಊಟ ಮುಗಿಸಿ ಎಲೆಅಡಿಕೆ ಹಾಕುವಾಗ ಬಾಳು ಕೇಳಿದ: “ದಾಜಿ, ಹಂಗಾದ್ರ ಇದರಾಗ ಯಾರ ಅದಾರ?”

“ಯಾರೂ ಇಲ್ಲೋ ತಮ್ಮಾ. ಬದನಿಕಾಯಿ ಅದಾವ.”

“ಇಷ್ಟ ಚಂದ ಗದ್ದಗಿ ಕಟ್ಟಿಸಿ ಖಾಲಿ ಇಟ್ಟೀರಿ?”

ಈ ಮಾತು ರಸ್ತೆಯ ಆಚೆ ಚಹಾ ಸೋಸುತ್ತಿದ್ದ ದುಂಡೇಶನ ಕಿವಿಗೆ ಬಿತ್ತು. ಬಸ್ಸು ಹೋದ ಮೇಲೆ ಅವನಿಗೆ ಸೋಸುವುದಕ್ಕಿಂತ ಯೋಚಿಸುವುದಕ್ಕೇ ಹೊತ್ತು ಹೆಚ್ಚು. ಮರುದಿನವೇ ನಮ್ಮ ಮಡಿಯೊಳಗೆ ಒಬ್ಬ ಅಜ್ಜ ಬಂದು ಕೂತ. ತೆಲಸಂಗದಿಂದ ನಡೆದು ಬಂದವನಂತೆ, ನಮ್ಮ ಬಾವಿಯ ನೀರು ಕುಡಿದವನಂತೆ, ಕೂತಲ್ಲೇ ಐಕ್ಯನಾದನಂತೆ. ಮೆಂತ್ಯದ ಮಡಿಯಲ್ಲಿ ಅಜ್ಜನ ಶಿಷ್ಯ. ಶಿಷ್ಯನಿಗೆ ಇನ್ನೂ ಹೆಸರಿಟ್ಟಿಲ್ಲ, ದುಂಡೇಶ ಕಟ್ಟಿದ ಸಮಿತಿಯ ಸಭೆ ಬಾಕಿ ಇದೆ.

ನಾನು ಹೋಟೆಲಿಗೆ ಹೋಗಿ ಕೇಳಿದೆ.

“ಏನೋ ದುಂಡೇಶ, ನನ್ನ ಅಂಗಳದಾಗ ಕುಂತ ಮನಶ್ಯಾನ ಗುರ್ತು ನನಗ ಇಲ್ಲ, ನಿನಗ ಹೆಂಗ ಐತೋ?”

“ಕಾಕಾ, ದೊಡ್ಡಾವ್ರು ಎಲ್ಲಾರಿಗೂ ಕಾಣಂಗಿಲ್ರಿ.”

“ನಿನಗ ಯಾವಾಗ ಕಂಡ್ರು?”

“ನಸಕಿನ್ಯಾಗ, ಹಾಲ ಕಾಸೂ ಮುಂದ.”

“ಹಾಲಿಗೆ ನೀರ ಹಾಕೂ ಮುಂದ ಕಂಡಿರಬೇಕ, ಬಿಡ. ಬ್ಯಾಡಾ ಅಂತ ಹೇಳಾಕ ಬಂದಿರಬೇಕ.”

ಅವನು ನಕ್ಕ. ಚಹಾದ ದುಡ್ಡು ತಗೊಳ್ಳಲಿಲ್ಲ. ದುಂಡೇಶ ದುಡ್ಡು ಬೇಡ ಅಂದಾಗಲೇ ನನಗೆ ಪರಿಸ್ಥಿತಿ ಕೈಮೀರಿದೆ ಎಂದು ತಿಳಿಯಿತು.

೬. ಮುಂದಿನದು ತಾವು ಬಲ್ಲಿರಿ. ಮಡಿಯ ತಳದಲ್ಲಿ ರವದಿ, ಗೊಬ್ಬರ ಕೊಳೆಯುವಾಗ ಬಿಸಿಯಾಗುವುದು ಸಹಜ. ಕೈ ಇಟ್ಟವರು ‘ಅಜ್ಜನ ಮೈ ಇನ್ನೂ ಬೆಚ್ಚಗೈತಿ’ ಎಂದರು. ರವದಿ ಕೊಳೆತ ಮೇಲೆ ಮಣ್ಣು ನಾಲ್ಕು ಬೆರಳು ಕುಸಿಯಿತು. ‘ಅಜ್ಜ ಉಸರ ಬಿಟ್ಟಾನ’ ಎಂದರು. ನಾನು ಮೇಲೆ ಎರಡು ಬುಟ್ಟಿ ಗೊಬ್ಬರ ಸುರಿದೆ. ‘ಎಳಕೊಂಡಾನ’ ಎಂದರು. ಹೀಗೆ ಅಜ್ಜ ಉಸಿರಾಡುವುದು ಊರಿಗೆಲ್ಲ ಖಾತ್ರಿಯಾದ ಮೇಲೂ ತಾವು ಅದೇ ನೋಟೀಸಿನಲ್ಲಿ ಆತನ ಮರಣ ಪ್ರಮಾಣಪತ್ರ ಕೇಳಿರುವುದು ಭಕ್ತರಿಗೆ ಬೇಸರ ತಂದಿದೆ.

ಕುಂಕುಮ ಬಿದ್ದಲ್ಲಿ ಎಳೆ ಎಲೆ ಸುಟ್ಟಿತು. ಹಾಲು ಬಿದ್ದಲ್ಲಿ ಇರುವೆ ಹತ್ತಿತು. ಊದಿನಕಡ್ಡಿಗಳನ್ನು ನೇರ ಬೇರಿಗೇ ಚುಚ್ಚಿದರು. ಇಷ್ಟಾದರೂ ನಾಲ್ಕು ಗಿಡ ಕಾಯಿ ಹಿಡಿದವು. ಬದನೆಗೆ ಹಟ ಜಾಸ್ತಿ. ಶಿವಗಂಗವ್ವ ಕೊಯ್ಯಲು ಹೋದರೆ “ಅಜ್ಜನ ಕಾಯಿ ಬೇ, ಮುಟ್ಟಬ್ಯಾಡ” ಎಂದು ಹೆಂಗಸರು ಅವಳ ಕೈ ಹಿಡಿದರು. ಸಂಜೆಗೆ ಅದೇ ಕಾಯಿಗಳು ಪ್ರಸಾದವಾಗಿ ಹೋದವು. ಎರಡು ಕಾಯಿ ದುಂಡೇಶನ ಬಾಣಲೆಗೆ ಇಳಿದು ಬಜಿಯಾದದ್ದನ್ನು ನಾನೇ ನೋಡಿದೆ. ಬೆಳೆಸಿದವಳು ಮುಟ್ಟಿದರೆ ಮುನಿಯುವ ಅಜ್ಜ, ಕಡಲೆಹಿಟ್ಟು ಮುಟ್ಟಿದರೆ ಮುನಿಯುವುದಿಲ್ಲ.

ಒಂದು ಮಾತು ಇಲ್ಲಿಯೇ ಹೇಳಬೇಕು. ಕಬ್ಬು ಕಡಿಯುವ ಕೂಲಿಯವಳು ಕಾಂಚನ ಎಂಬಾಕೆ ಜ್ವರದ ಕೂಸನ್ನು ತಂದು ಮಡಿಯ ಮೆಟ್ಟಿಲ ಮೇಲೆ ಮಲಗಿಸಿದ್ದಳು. ನನ್ನ ಹೆಂಡತಿ ಕೂಸನ್ನು ಒಳಗೆ ತಂದು, ಹಣೆಗೆ ತಣ್ಣೀರ ಬಟ್ಟೆ ಹಾಕಿ, ತಾಯಿಗೆ ಉಣ್ಣಲು ಕೊಟ್ಟು, ಇಬ್ಬರನ್ನೂ ನನ್ನ ಗಾಡಿಯ ಮೇಲೆ ಸರಕಾರಿ ದವಾಖಾನೆಗೆ ಕಳಿಸಿದಳು. ಕೂಸು ಗುಣವಾಯಿತು. ಕಾಂಚನ ಬಂದು ಅಜ್ಜನಿಗೆ ತೆಂಗಿನಕಾಯಿ ಒಡೆದು ಹೋದಳು. ನಾನು ಏನೋ ಅನ್ನಲು ಬಾಯಿ ತೆರೆದರೆ ಶಿವಗಂಗವ್ವ ಕಣ್ಣಲ್ಲೇ ತಡೆದಳು. “ಇರ್ಲಿ ಬಿಡ್ರಿ. ಆಕಿಗೆ ಕೈಮುಗ್ಯಾಕ ಒಬ್ಬಾವ ಬೇಕಾಗಿದ್ದ.” ಆದ್ದರಿಂದ ಈ ಅರ್ಜಿ ಕಾಂಚನಳ ವಿರುದ್ಧ ಅಲ್ಲ.

೭. ತಮ್ಮ ನೋಟೀಸು ಬಂದ ಮೇಲೆ ನಾನು ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಯಾವ ದಿನ ಬಂದಿದ್ದೆನೆಂದು ಹೇಳುವ ಅಗತ್ಯ ಇಲ್ಲ. ಎಲ್ಲ ದಿನಕ್ಕೂ ಹೊಂದುತ್ತದೆ. ತಮ್ಮ ಕ್ಲಾರ್ಕರು ಮಾತಾಡಿಸಿದರು.

“ಹೆಣ ಇಲ್ಲ ಅಂತೀರಿ. ಹೆಂಗ ನಂಬೂದ್ರಿ?”

“ಬರ್ರಿ, ಈಗ ಕೆದರಿ ತೋರಸ್ತೀನಿ.”

“ಅಯ್ಯ, ಹಂಗ ಕೆದರಾಕ ಬರಂಗಿಲ್ರಿ! ಹುಗದದ್ದ ತಗ್ಯಾಕ ಮ್ಯಾಲಿನ ಸಾಹೇಬರ ಅಪ್ಪಣಿ ಬೇಕು.”

“ಹುಗದಿದ್ರ ಬೇಕು. ಹುಗದಿಲ್ಲಲ್ರಿ.”

“ಹುಗದಿಲ್ಲ ಅಂತ ತಗದ ನೋಡಿದ ಮ್ಯಾಲ ಗೊತ್ತಾಗೂದಲ್ರಿ, ಚೌಗಲಾರ?”

ನಾನು ಐದಾರು ಸರಕಾರ ನೋಡಿದವನು. ಆದರೂ ಈ ಮಾತಿನ ಸುತ್ತ ಒಂದು ಸಲ ಸುತ್ತಿ ಬರಲು ನನಗೆ ಒಂದು ಗ್ಲಾಸು ನೀರು ಬೇಕಾಯಿತು. ನೀರು ಕೊಟ್ಟದ್ದು ಕಂಪ್ಯೂಟರಿನ ಮುಂದೆ ಕೂರುವ ಪ್ರಾಜಕ್ತಾ. ತಮ್ಮ ಕಚೇರಿಯಲ್ಲಿ ಮುಖ ನೋಡಿ ಮಾತಾಡುವ ಹುಡುಗಿ ಅವಳೊಬ್ಬಳು. ಅವಳು ಮೆಲ್ಲಗೆ ಹೇಳಿದಳು:

“ಕಾಕಾ, ನಿಮ್ಮ ಅಂಗಳದ ಮೂಲಿ ಕಂಪ್ಯೂಟರದಾಗ ‘ಸಮಾಧಿ ಸ್ಥಳ’ ಅಂತ ಆಗಲೇ ಏರಸ್ಯಾರ್ರಿ. ತಿದ್ದಬೇಕಂದ್ರ ಒಳಗ ಇದ್ದಾವ್ರ ಹೆಸರ ಕೇಳತೈತಿ. ಆ ಕಾಲಂ ಖಾಲಿ ಬಿಟ್ರ ಕಂಪ್ಯೂಟರ ಮುಂದ ಹೋಗಂಗಿಲ್ರಿ.”

“ಒಳಗ ಬದನಿ ಬೇರು ಅದಾವಲ್ಲವಾ.”

“ಮನಶ್ಯಾರ ಹೆಸರ ಬೇಕ್ರಿ ಕಾಕಾ. ಅಪ್ಪನ ಹೆಸರ, ಇಲ್ಲಾ ಗಂಡನ ಹೆಸರ ಸಹಿತ.”

೮. ಈ ನಡುವೆ ದುಂಡೇಶನ ಸಮಿತಿ ಮಂಟಪಕ್ಕೆ ತಗಡು, ಕಂಬ ತಂದು ಬಸ್ ಸ್ಟಾಪಿನ ಹಿಂದೆ ಇಳಿಸಿದೆ. ಬರುವ ಸೋಮವಾರ ಕಂಬ ಹೂಳುತ್ತಾರಂತೆ. ಮಂಟಪ ಅಜ್ಜನಿಗೆ ಬಿಸಿಲು ತಾಗದಿರಲೆಂದು. ಬದನೆಗೆ ತಾಗಬೇಕಾದದ್ದು ಅದೊಂದೇ. ತಗಡು ಬಿದ್ದರೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಗಿಡವಿಲ್ಲ, ಗಿಡವಿಲ್ಲದಿದ್ದರೆ ನನ್ನ ಹೆಂಡತಿ ಮತ್ತೆ ಕಟ್ಟೆಯ ಮೇಲಿನ ಕುರ್ಚಿಗೆ ಹೋಗುತ್ತಾಳೆ. ಬೇರೆ ಕಡೆ ಕಟ್ಟಿಸೋಣವೆಂದರೆ ಮನೆಯ ಸುತ್ತ ಬಿಸಿಲು ಬೀಳುವ ಮೂಲೆ ಇದೊಂದೇ. ಉಳಿದ ಮೂರು ಕಡೆ ಆಳೆತ್ತರದ ಕಬ್ಬು ನಿಂತಿದೆ. ಬರುವ ಹಂಗಾಮಿಗೆ ಒಂದು ಕಡೆಯ ನಾಲ್ಕು ಸಾಲು ಕಬ್ಬು ತೆಗೆಯುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಅದು ಬರುವ ಹಂಗಾಮಿನ ಮಾತು. ತಗಡು ಸೋಮವಾರದ್ದು.

ಆದ್ದರಿಂದ ಮಾನ್ಯರು ಮೇಲ್ಕಾಣಿಸಿದ ಸಂಗತಿಗಳನ್ನು ಪರಾಂಬರಿಸಿ,

(ಅ) ಬದನೆಯ ಮಡಿಯ ಕೆಳಗೆ ಅಜ್ಜನೂ, ಮೆಂತ್ಯದ ಮಡಿಯ ಕೆಳಗೆ ಶಿಷ್ಯನೂ ಇಲ್ಲವೆಂದು ಬರೆದು ಕೊಡಬೇಕು. ಅಪ್ಪಣೆ ಇಲ್ಲದೆ ಕೆದರಬಾರದೆಂದಾದರೆ ತಾವೇ ಒಂದು ಸಲ ಬಂದು, ಹೊರಗಿನಿಂದ ಮೂಸಿ ನೋಡಿದರೂ ಸಾಕು. ಎಮ್ಮೆಯ ಗೊಬ್ಬರದ ವಾಸನೆಯನ್ನು ಸಂತರ ಪರಿಮಳವೆಂದು ತಮ್ಮಂಥ ಓದಿದವರು ತಿಳಿಯಲಾರರು.

(ಆ) ಮಂಟಪದ ತಗಡನ್ನು ಬಸ್ ಸ್ಟಾಪಿಗೆ ಹಾಕಿಸಬೇಕು. ಅಲ್ಲಿ ಮಂದಿ ಬಿಸಿಲಿಗೆ ನಿಲ್ಲುತ್ತಾರೆ. ಅವರು ಬದುಕಿರುವುದಕ್ಕೆ ಪ್ರಮಾಣಪತ್ರ ಬೇಡ.

(ಇ) ಅಜ್ಜ ಇರಲೇಬೇಕೆಂದು ಊರಿಗೆ ಅನಿಸಿದರೆ ಆತನನ್ನು ದುಂಡೇಶನ ಹೋಟೆಲಿನ ಹಿಂದಿನ ಜಾಗಕ್ಕೆ ವರ್ಗ ಮಾಡಬೇಕು. ತೆಲಸಂಗದಿಂದ ನಡೆದು ಬಂದವನಿಗೆ ರಸ್ತೆ ದಾಟುವುದು ಕಷ್ಟವಲ್ಲ. ಕಾಂಚನಳಂಥವರಿಗೆ ದಾರಿ ನನ್ನ ಹೆಂಡತಿ ತೋರಿಸುತ್ತಾಳೆ. ಅವಳ ಒಲೆ ಇದ್ದಲ್ಲಿಯೇ ಇರುತ್ತದೆ.

ಇಂತು, ತಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಈ ಅರ್ಜಿ ಮುಟ್ಟಿದ್ದಕ್ಕೆ ರಸೀದಿ, ಅಂದರೆ ಪೋಚ್ ಪಾವತಿಗಾಗಿ ಕೂತಿರುವ,
ರಾ. ಅ. ಚೌಗಲಾ (ಸಹಿ)

ಲಗತ್ತುಗಳು:
೧. ತಮ್ಮ ನೋಟೀಸಿನ ಪ್ರತಿ. ಸಂಖ್ಯೆ ತುಂಬಿಕೊಳ್ಳಲು ಜಾಗ ಹಾಗೆಯೇ ಬಿಟ್ಟಿದ್ದೇನೆ.
೨. ಬದನೆಯ ಮಡಿಯ ಮಣ್ಣು, ಒಂದು ಹಿಡಿ, ಕಾಗದದ ಪುಡಿಕೆಯಲ್ಲಿ.
೩. ಮಡಿಯ ಪಕ್ಕ ಇವತ್ತಿನ ಪೇಪರು ಹಿಡಿದು ನಿಂತ ಶಿವಗಂಗವ್ವಳ ಫೋಟೋ. ನಗುತ್ತಿಲ್ಲ, ಕಾರಣ ಫೋಟೋ ತೆಗೆಯುವಾಗ ಒಬ್ಬರು ಅವಳ ಹಿಂದೆ ಕರ್ಪೂರ ಹಚ್ಚುತ್ತಿದ್ದರು.
೪. ಬದನೆಕಾಯಿ ಎರಡು, ನಸುಕಿನಲ್ಲಿ ಭಕ್ತರು ಬರುವ ಮೊದಲು ಕೊಯ್ದದ್ದು. ಒಂದರಲ್ಲಿ ಹುಳ ಇದೆ. ಸದರಿ ಮಡಿಗೆ ಸಂಬಂಧಪಟ್ಟಂತೆ ಒಳಗೆ ಸಿಕ್ಕ ಜೀವ ಅದೊಂದೇ, ಅದೂ ಬದುಕಿದೆ.

ವಿಶೇಷ ಸೂಚನೆ: ಕಂಪ್ಯೂಟರಿನ ಖಾಲಿ ಕಾಲಂ ಬಗ್ಗೆ ಹೆಂಡತಿಯನ್ನು ಕೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನನ್ನ ಹೆಸರ ಬರಸ್ರಿ. ಅಳೋ ಮಂದಿ ಹೆಂಗೂ ಬಂದ ಅತ್ತ ಹೋಗ್ಯಾರ.” ಕಾರಣ, ಹೆಸರಿಲ್ಲದೆ ಕೆಲಸ ಮುಂದೆ ಹೋಗದಿದ್ದರೆ ಈ ಕೆಳಗಿನಂತೆ ಏರಿಸಿಕೊಳ್ಳಬೇಕಾಗಿ ವಿನಂತಿ.

ಹೆಸರು: ಶಿವಗಂಗವ್ವ. ಗಂಡನ ಹೆಸರು: ರಾವಸಾಹೇಬ ಚೌಗಲಾ. ಸ್ಥಿತಿ: ಜೀವಂತ. ಇರುವ ಜಾಗ: ಮಡಿಯ ಹೊರಗಡೆ, ನಿಂತುಕೊಂಡು. ಹೊತ್ತು: ಮುಂಜಾನೆಯ ಬಿಸಿಲು ಇರುವ ತನಕ. ಮೇಲೆ ತಗಡು: ಬೇಡ.

ಈ ವ್ಯವಹಾರದಲ್ಲಿ ಇಲ್ಲಿಯವರೆಗೆ ಹೋದದ್ದು, ಒಂದು ಹಂಗಾಮಿನ ಬದನೆ. ಬಂದದ್ದು, ಅಕ್ಕುತಾಯಿಯ ಅಳು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿಯನ್ನು ಶಿವಗಂಗವ್ವ ತಿನ್ನುತ್ತಾಳೆ. ಎರಡನೆಯದು ನನ್ನದು.